ಸಂಪಾದಕಪೀಠದಿಂದ ರಾಷ್ಟ್ರಾಧ್ಯಕ್ಷ ಪದವಿಗೆ: ನ್ನಾಮ್ಡಿ ಅಜಿಕಿವೆ

ಪತ್ರಿಕೋದ್ಯಮದಿಂದ ರಾಜಕಾರಣಕ್ಕೆ ಬಂದವರು ಅನೇಕರು. ಆದರೆ ಸಂಪಾದಕನಿಗೆ ಸಹಜವಾದ ಶಕ್ತಿಗೂ ರಾಷ್ಟ್ರಾಧ್ಯಕ್ಷನಿಗೆ ವಿಹಿತವಾದ ಸಂಯಮಕ್ಕೂ ಇರುವ ಅಂತರವನ್ನು ನೈಜೀರಿಯದ ಪ್ರಥಮ ರಾಷ್ಟ್ರಾಧ್ಯಕ್ಷರಾದ ನ್ನಾಮ್ಡಿ ಅಜಿಕಿವೆಯವರ (೧೯೦೪-೧೯೯೬) ಜೀವನದಷ್ಟು ಸ್ಫುಟವಾಗಿ ತೋರಿಸುವ ನಿದರ್ಶನಗಳು ವಿರಳ. ಆ ಅಂತರವನ್ನೇ ಪ್ರಕೃತ ಲೇಖನದಲ್ಲಿ ನಾವು ವಿವೇಚಿಸಹೊರಟಿದ್ದೇವೆ.

ಅಜಿಕಿವೆಯವರು ಜನಿಸಿದುದು ಉತ್ತರ ನೈಜೀರಿಯದ ಜುಂಗೇರು ಎಂಬ ಊರಿನಲ್ಲಿ. ತಂದೆತಾಯಿಗಳು ನೈಗರ್ ನದೀತೀರದ ಒನಿಚ್ಚಾ ಪಟ್ಟಣದ ಇಗ್ಬೋ ಜನಾಂಗದವರು. ತಂದೆ ಬ್ರಿಟಿಷ್ ಆಡಳಿತದಲ್ಲಿ ಗುಮಾಸ್ತರಾಗಿದ್ದರು. ಉತ್ತರದ ಹೌಸಾ, ಪೂರ್ವದ ಇಗ್ಬೋ, ಪಶ್ಚಿಮದ ಯೊರುಬಾ ಈ ಮೂರು ಭಾಷೆಗಳೂ ಎಳೆಯ ವಯಸ್ಸಿನಲ್ಲಿಯೇ ಅವರಿಗೆ ಕರಗತವಾದುವು. ಇಡೀ ದೇಶವನ್ನು ತನ್ನದೆಂದು ಭಾವಿಸುವುದಕ್ಕೆ ಇದಕ್ಕಿಂತ ಉತ್ತಮವಾದ ಸಿದ್ಧತೆ ದುರ್ಲಭ. ೧೯೨೫ರಲ್ಲಿ ಅವರು ಅಮೆರಿಕಕ್ಕೆ ತೆರಳಿದರು. ದುಡಿಯುತ್ತಲೇ ಓದಿ, ಲಿಂಕನ್ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕರೂ ಆದರು. ಲೈಬೀರಿಯವನ್ನು ಕುರಿತ ಅವರ ಗ್ರಂಥವು ೧೯೩೪ರಲ್ಲಿ ಪ್ರಕಟವಾಯಿತು.

ಅದೇ ವರ್ಷ ಆಫ್ರಿಕಕ್ಕೆ ಹಿಂದಿರುಗಿದ ಅವರು, ಇಂದು ಘಾನಾ ಎನಿಸಿರುವ ಗೋಲ್ಡ್ ಕೋಸ್ಟ್ ವಸಾಹತಿನ ಅಕ್ರಾ ನಗರದಲ್ಲಿ 'ಆಫ್ರಿಕನ್ ಮಾರ್ನಿಂಗ್ ಪೋಸ್ಟ್' ಪತ್ರಿಕೆಯ ಸಂಪಾದಕರಾದರು. ೧೯೩೬ರಲ್ಲಿ ಆ ಪತ್ರಿಕೆಯಲ್ಲಿ ವಾಲೇಸ್ ಜಾನ್ಸನ್ ಎಂಬವರು ಆಫ್ರಿಕನ್ನರಿಗೆ ದೇವರುಂಟೆ ಎಂದು ಪ್ರಶ್ನಿಸಿ ಬರೆದ ಲೇಖನಕ್ಕಾಗಿ ಸಂಪಾದಕರ ಮೇಲೆ ರಾಜದ್ರೋಹದ ಆಪಾದನೆ ಬಂದಿತು. ಆರು ತಿಂಗಳ ಸೆರೆವಾಸ ವಿಧಿಸಲ್ಪಟ್ಟಿತಾದರೂ ಮೇಲ್ಮನವಿಯಲ್ಲಿ ಆ ಶಿಕ್ಷೆ ರದ್ದಾಯಿತು.

೧೯೩೭ರ ನವೆಂಬರಿನಲ್ಲಿ ಲೇಗೋಸ್ ನಗರದಿಂದ ಅವರ 'ವೆಸ್ಟ್ ಆಫ್ರಿಕನ್ ಪೈಲಟ್' ದಿನಪತ್ರಿಕೆ ಹೊರಬಂದಿತು. 'ರಿನೇಸೆಂಟ್ ಆಫ್ರಿಕ' ಎಂಬ ಅವರ ಗ್ರಂಥವೂ ಅದೇ ವರ್ಷದ್ದು. ತರುವಾಯ ಪೋರ್ಟ್ ಹಾರ್ಕೋರ್ಟ್, ಒನಿಚ್ಚಾ, ವಾರಿ ಪಟ್ಟಣಗಳಲ್ಲಿಯೂ ಅವರ ಪತ್ರಿಕೆಗಳು ತಲೆಯೆತ್ತಿದುವು. ಈ ವಿಸ್ತರಣೆಯನ್ನು ಕೇವಲ ವ್ಯಾಪಾರವೆಂದು ನಾವು ಭಾವಿಸಲಾಗದು. ಅಲ್ಲಿಯವರೆಗೆ ವಸಾಹತಿನ ರಾಜಕಾರಣವು ಬಹುಮಟ್ಟಿಗೆ ಲೇಗೋಸಿನ ಕೆಲವೇ ಗಣ್ಯರ ವ್ಯವಹಾರವಾಗಿದ್ದಿತು. ದೂರದ ಪಟ್ಟಣಗಳ ಉಪಾಧ್ಯಾಯರು, ಗುಮಾಸ್ತರು, ವರ್ತಕರು ಒಂದೇ ವಿಷಯವನ್ನು ಓದಿ ಚರ್ಚಿಸುವಂತಾದುದು ಈ ಪತ್ರಿಕೆಗಳಿಂದ. ೧೯೪೪ರಲ್ಲಿ ಹರ್ಬರ್ಟ್ ಮೆಕಾಲೆಯವರ ಅಧ್ಯಕ್ಷತೆಯಲ್ಲಿಯೂ ಅಜಿಕಿವೆಯವರ ಕಾರ್ಯದರ್ಶಿತ್ವದಲ್ಲಿಯೂ ಸ್ಥಾಪಿತವಾದ ರಾಷ್ಟ್ರೀಯ ಪಕ್ಷಕ್ಕೆ ನೆಲ ಹದವಾಗಿದ್ದುದು ಹೀಗೆ. ೧೯೪೫ರ ಸಾರ್ವತ್ರಿಕ ಮುಷ್ಕರದ ಕಾಲದಲ್ಲಿ ಸರ್ಕಾರವು ಅವರ ಎರಡು ಪತ್ರಿಕೆಗಳನ್ನು ನಿಷೇಧಿಸಿದುದು ಅವುಗಳ ಪ್ರಭಾವಕ್ಕೆ ಸಾಕ್ಷಿ.

ಆದರೆ ಇದೇ ಲೇಖನಿಗೆ ಇನ್ನೊಂದು ಮುಖವೂ ಇದ್ದಿತು. ೧೯೪೮ರಲ್ಲಿ 'ಪೈಲಟ್' ಪತ್ರಿಕೆಗೂ ಯೊರುಬಾ ನಾಯಕರ ಪರವಾಗಿದ್ದ 'ಡೇಲಿ ಸರ್ವೀಸ್' ಪತ್ರಿಕೆಗೂ ನಡೆದ ವಾಗ್ಯುದ್ಧವು ಜನಾಂಗದ್ವೇಷವನ್ನು ಕೆರಳಿಸಿತು. ಅದೇ ವರ್ಷ ಅಜಿಕಿವೆಯವರು ಇಗ್ಬೋ ಸಂಘದ ಅಧ್ಯಕ್ಷರೂ ಆದರು. ರಾಷ್ಟ್ರವನ್ನು ಒಂದುಗೂಡಿಸಿದ ಅಚ್ಚುಮೊಳೆಗಳೇ ಅದನ್ನು ಒಡೆಯುವುದಕ್ಕೂ ಒದಗಿದುವೆಂಬುದನ್ನು ಇತಿಹಾಸದ ವಿದ್ಯಾರ್ಥಿ ಮರೆಯಬಾರದು. ೧೯೫೪ರಲ್ಲಿ ಅವರು ಪೂರ್ವ ಪ್ರಾಂತದ ಪ್ರಧಾನಿಯಾದರು. ತಾವು ಹಿತಾಸಕ್ತಿಯುಳ್ಳ ಬ್ಯಾಂಕಿನಲ್ಲಿ ಪ್ರಾಂತದ ಹಣವನ್ನು ತೊಡಗಿಸಿದರೆಂಬ ವಿಷಯವನ್ನು ವಿಚಾರಣಾಮಂಡಲಿಯೊಂದು ಪರಿಶೀಲಿಸಿ ೧೯೫೭ರಲ್ಲಿ ಅವರ ನಡತೆಯನ್ನು ಟೀಕಿಸಿತು. ಅವರು ಶಾಸನಸಭೆಯನ್ನು ವಿಸರ್ಜಿಸಿ, ಚುನಾವಣೆಯಲ್ಲಿ ಗೆದ್ದು ಬಂದರು.

೧೯೫೯ರ ಚುನಾವಣೆಯಲ್ಲಿ ಯಾವ ಪಕ್ಷಕ್ಕೂ ಬಹುಮತ ದೊರೆಯಲಿಲ್ಲ. ಉತ್ತರದ ಪಕ್ಷದೊಡನೆ ಅಜಿಕಿವೆಯವರ ಪಕ್ಷವು ಕೂಡಿಕೊಂಡಿತು. ಪ್ರಧಾನಮಂತ್ರಿತ್ವವು ಉತ್ತರದ ಅಬೂಬಕರ್ ತಫಾವಾ ಬಲೇವಾ ಅವರಲ್ಲಿ ಉಳಿಯಿತು. ಅಜಿಕಿವೆಯವರು ೧೯೬೦ರ ನವೆಂಬರಿನಲ್ಲಿ ಗವರ್ನರ್ ಜನರಲ್ ಪದವಿಯನ್ನೂ, ದೇಶವು ಗಣರಾಜ್ಯವಾದ ೧೯೬೩ರ ಅಕ್ಟೋಬರ್ ೧ರಂದು ರಾಷ್ಟ್ರಾಧ್ಯಕ್ಷ ಪದವಿಯನ್ನೂ ಸ್ವೀಕರಿಸಿದರು. ನಮ್ಮ ರಾಷ್ಟ್ರಪತಿಪದವಿಯಂತೆ ಅದೂ ಬಹುಮಟ್ಟಿಗೆ ಗೌರವದ ಸ್ಥಾನ. ಕಾರ್ಯಾಂಗದ ಸೂತ್ರಗಳು ಪ್ರಧಾನಮಂತ್ರಿಯ ಕೈಯಲ್ಲಿದ್ದುವು.

ಈ ಸ್ಥಿತಿಯ ಕಠಿಣ ಪರೀಕ್ಷೆ ಬಹುಬೇಗ ಒದಗಿತು. ೧೯೬೪ರ ಡಿಸೆಂಬರ್ ೩೦ರ ಚುನಾವಣೆಯನ್ನು, ಅಕ್ರಮಗಳನ್ನು ಆರೋಪಿಸಿ, ಅವರ ಹಿಂದಿನ ಪಕ್ಷವೂ ಸೇರಿದ್ದ ಮೈತ್ರಿಕೂಟವು ಬಹಿಷ್ಕರಿಸಿತು. ಬಲೇವಾ ಅವರನ್ನು ಮಂತ್ರಿಮಂಡಲ ರಚಿಸಲು ಕರೆಯುವುದಕ್ಕೆ ಅಜಿಕಿವೆಯವರು ಕೆಲವು ದಿನ ಒಪ್ಪಲಿಲ್ಲ. ಸೇನಾದಳಗಳು ಪ್ರಧಾನಮಂತ್ರಿಯ ಆಜ್ಞೆಗೆ ಒಳಪಟ್ಟಿವೆಯೆಂಬ ನ್ಯಾಯಶಾಸ್ತ್ರಜ್ಞರ ಅಭಿಪ್ರಾಯ ಅವರ ದಾರಿಯನ್ನು ಮುಚ್ಚಿತು. ೧೯೬೫ರ ಜನವರಿ ೪ರಂದು ಒಪ್ಪಂದವೇರ್ಪಟ್ಟು ಬಲೇವಾ ಅವರೇ ಪುನಃ ನೇಮಕಗೊಂಡರು. ಇದನ್ನು ದೌರ್ಬಲ್ಯವೆಂದು ಕರೆಯಲು ನಾವು ಹಿಂಜರಿಯುತ್ತೇವೆ. ಸಂಪಾದಕನಾಗಿದ್ದರೆ ಮರುದಿನ ಮುಂಜಾನೆಯೇ ಜನತೆಗೆ ದೂರೊಪ್ಪಿಸಬಹುದಾಗಿತ್ತು. ರಾಷ್ಟ್ರಾಧ್ಯಕ್ಷನಾಗಿ ಹಾಗೆ ಮಾಡುವುದೆಂದರೆ ತಾನೇ ಪ್ರತೀಕವಾಗಿರುವ ಐಕ್ಯವನ್ನು ಪಣಕ್ಕಿಡುವುದು.

ಆ ಸಂಯಮವು ಗಣರಾಜ್ಯವನ್ನು ಉಳಿಸಲಿಲ್ಲ. ೧೯೬೬ರ ಜನವರಿ ೧೫ರ ಸೈನಿಕ ಕ್ರಾಂತಿಯಲ್ಲಿ ಬಲೇವಾ ಹತರಾದರು. ವಿದೇಶದಲ್ಲಿದ್ದ ಅಜಿಕಿವೆಯವರ ಪದವಿಯೂ ಕೊನೆಗಂಡಿತು. ಮರುವರ್ಷ ಆರಂಭವಾದ ಅಂತರ್ಯುದ್ಧದಲ್ಲಿ ಅವರು ಮೊದಲು ಪ್ರತ್ಯೇಕತಾವಾದಿಗಳಾದ ಬಿಯಾಫ್ರಾದವರನ್ನು ಬೆಂಬಲಿಸಿ, ೧೯೬೯ರಲ್ಲಿ ಅಖಂಡ ನೈಜೀರಿಯದ ಪಕ್ಷವನ್ನು ಹಿಡಿದರು. ಯುದ್ಧ ಮುಗಿದ ೧೯೭೦ರಲ್ಲಿ 'ಮೈ ಆಡಿಸಿ' ಎಂಬ ಆತ್ಮಕಥನ ಹೊರಬಂದಿತು.

ಅಜಿಕಿವೆಯವರ ಅತ್ಯುನ್ನತ ಪದವಿಯ ಕಾಲವೇ ಅವರ ಅತ್ಯಧಿಕ ಪ್ರಭಾವದ ಕಾಲವಾಗಿರಲಿಲ್ಲವೆಂಬುದು ನಮ್ಮ ನಿರ್ಣಯ. ಅಧಿಕಾರವಿಲ್ಲದಿದ್ದಾಗ ಅವರ ಮಾತಿಗೆ ಜನತೆ ಓಗೊಟ್ಟಿತು. ಪದವಿ ಬಂದಾಗ ಮಾತಿಗೇ ಕಟ್ಟು ಬಿದ್ದಿತು. ನೈಜೀರಿಯವೆಂಬ ರಾಷ್ಟ್ರಭಾವನೆಯ ಉದಯವನ್ನು ಅರಿಯಬಯಸುವವರು ರಾಷ್ಟ್ರಾಧ್ಯಕ್ಷಭವನದ ಕಡತಗಳಿಗಿಂತ ಮೊದಲು ೧೯೩೭ರ ಬಳಿಕದ 'ಪೈಲಟ್' ಸಂಚಿಕೆಗಳನ್ನು ತೆರೆಯುವುದು ಯುಕ್ತ.