ತಪ್ಪು ಖಾತೆಗೆ ಜಮೆಯಾದ ದ್ರಾಕ್ಷಿ

ಮೊನ್ನೆ ಮಗ ದುಬೈನಿಂದ ಬರುವಾಗ ಏರ್‌ಪೋರ್ಟಿನಲ್ಲಿ ಒಂದು ಬಾಟಲಿ ಕೆಂಪು ವೈನು ತಂದಿದ್ದ. "ಅಪ್ಪಾ, ನಿಮಗ ಒಗರು ವೈನು ಸೇರಂಗಿಲ್ಲ ಅಂತೀರಲ್ಲ, ಇದನ್ನ ನೋಡ್ರಿ, ಮೆತ್ತಗೈತಿ" ಅಂದ. ಚೀಟಿಯ ಮೇಲೆ ಕಾರ್ಮೆನೇರ್, ಚಿಲಿ ಎಂದಿತ್ತು. ವೈನಿನ ವಿಷಯದಲ್ಲಿ ನಾನೇನೂ ಪಂಡಿತನಲ್ಲ. ವರ್ಷಕ್ಕೆ ನಾಲ್ಕೈದು ಸಲ ಒಂದು ಗ್ಲಾಸು, ಅಷ್ಟೇ. ಗ್ಲಾಸಿಗೆ ಸುರಿಯುತ್ತಿದ್ದಂತೆ ಎಂದೂ ಅದನ್ನು ಮುಟ್ಟದ ನಮ್ಮಾಕೆ ದೂರದಿಂದಲೇ ಮೂಸಿ, "ಏನ್ರೀ ಇದು, ಡೊಣ್ಣಮೆಣಸಿನಕಾಯಿ ಸುಟ್ಟಂಗ ವಾಸನಿ ಬರಾಕತ್ತೈತಲ್ರೀ" ಅಂದಳು. ಪುಣೆಗೆ ಬಂದು ಇಪ್ಪತ್ತೈದು ವರ್ಷವಾದರೂ ಅವಳ ಬಾಯಲ್ಲಿ ಅದು ಢೋಬಳಿ ಮಿರ್ಚಿ ಆಗಿಲ್ಲ!

ನಾನು ನಕ್ಕುಬಿಟ್ಟೆ. ಆಮೇಲೆ ಓದಿ ನೋಡಿದರೆ ಅವಳು ಹೇಳಿದ್ದು ನೂರಕ್ಕೆ ನೂರು ನಿಜ. ದಪ್ಪ ಮೆಣಸಿನಕಾಯಿಗೆ ಆ ವಾಸನೆ ಕೊಡುವ ಪೈರಜೀನ್ ಎಂಬ ರಾಸಾಯನಿಕವೇ ಈ ದ್ರಾಕ್ಷಿಯಲ್ಲೂ ಧಾರಾಳವಾಗಿದೆ. ಹಣ್ಣು ಬಲಿತು ಬಿಸಿಲು ಕಂಡಂತೆ ಅದು ಕಡಿಮೆಯಾಗುತ್ತದೆ, ಎಳಸಾಗಿ ಕೊಯ್ದರೆ ಹಾಗೇ ಉಳಿಯುತ್ತದೆ. ಈ ಹಸಿರು ವಾಸನೆಯ ಹಿಂದೆ ಹೋದರೆ ನೂರೈವತ್ತು ವರ್ಷದ ಒಂದು ಕಥೆಯೇ ಇದೆ.

ಕಾರ್ಮೆನೇರ್‌ನ ತವರು ಚಿಲಿ ಅಲ್ಲ, ಫ್ರಾನ್ಸಿನ ಬೋರ್ಡೋ ಸೀಮೆ. ಅಲ್ಲಿನ ಪ್ರಸಿದ್ಧ ತಳಿಗಳಾದ ಕೆಬರ್ನೆ ಸೋವಿನ್ಯೋನ್ ಮತ್ತು ಮೆರ್ಲೋ ಇದರ ದಾಯಾದಿಗಳು. ಡಿಎನ್‌ಎ ಪರೀಕ್ಷೆಯ ಪ್ರಕಾರ ಮೂವರಿಗೂ ಕೆಬರ್ನೆ ಫ್ರಾಂ ಎಂಬ ಹಳೆಯ ತಳಿಯೇ ಒಂದು ಕಡೆಯ ಹಿರಿಯ. ಶರತ್ಕಾಲದಲ್ಲಿ ಇದರ ಎಲೆ ಕಡುಗೆಂಪಾಗುವುದರಿಂದ ಈ ಹೆಸರು ಬಂತೆನ್ನುತ್ತಾರೆ. ಸ್ವಭಾವ ಮಾತ್ರ ಸ್ವಲ್ಪ ತಂಟೆಯದು. ಹಣ್ಣಾಗುವುದು ತಡ, ಹೂ ಬಿಡುವಾಗ ಚಳಿಮಳೆ ಬಂದರೆ ಹೂ ಉದುರಿ ಕಾಯೇ ಕಚ್ಚುವುದಿಲ್ಲ.

1860ರ ದಶಕದಲ್ಲಿ ಅಮೆರಿಕದಿಂದ ಫೈಲೋಕ್ಸೆರಾ ಎಂಬ, ಬೇರು ಹೀರುವ ಹೇನಿನಂಥ ಹುಳು ಫ್ರಾನ್ಸಿಗೆ ಬಂದು, ಮುಂದಿನ ಕೆಲವು ದಶಕಗಳಲ್ಲಿ ದ್ರಾಕ್ಷಿ ತೋಟಗಳನ್ನೆಲ್ಲ ನುಂಗಿಹಾಕಿತು. ಕೊನೆಗೆ ಸಿಕ್ಕ ಪರಿಹಾರವೆಂದರೆ, ಆ ಹುಳುವನ್ನು ತಡೆದುಕೊಳ್ಳುವ ಅಮೆರಿಕದ ಬೇರಿಗೆ ಫ್ರೆಂಚ್ ಬಳ್ಳಿಯ ಕಸಿ ಕಟ್ಟುವುದು. ತೋಟವನ್ನು ಮೊದಲಿನಿಂದ ನೆಡಬೇಕಾದಾಗ ಯಾವ ರೈತನಾದರೂ ನೋಡುವುದು ಇಳುವರಿಯನ್ನೇ ತಾನೇ? ವರ್ಷ ಬಿಟ್ಟು ವರ್ಷ ಕೈಕೊಡುವ ಕಾರ್ಮೆನೇರ್ ಅವರ ಪಾಲಿಗೆ ನಮ್ಮ ಬ್ಯಾಂಕಿನ ಎನ್‌ಪಿಎ ಇದ್ದ ಹಾಗೆ. ಬೋರ್ಡೋದ ರೈತರು ಅದನ್ನು ಮತ್ತೆ ನೆಡಲಿಲ್ಲ. ತವರಿನಲ್ಲಿ ಹೆಚ್ಚುಕಡಿಮೆ ಅಳಿದೇ ಹೋಯಿತು.

ಆದರೆ ಹುಳು ಬರುವುದಕ್ಕೂ ಮೊದಲೇ ಕೆಲವು ಕಡ್ಡಿಗಳು ಹಡಗು ಹತ್ತಿದ್ದವು. ಚಿಲಿಯ ಸಿಲ್ವೆಸ್ಟ್ರೆ ಒಚಾಗಾವಿಯಾ ಎಂಬ ಶ್ರೀಮಂತ 1851ರಲ್ಲಿ ಫ್ರಾನ್ಸಿನ ತಳಿಗಳನ್ನು ತರಿಸಿ ನೆಟ್ಟ. ಅವನನ್ನು ನೋಡಿ ಬೇರೆ ಧನಿಕರೂ ತರಿಸಿದರು. ಚಿಲಿಯ ಅದೃಷ್ಟ ನೋಡಿ: ಉತ್ತರಕ್ಕೆ ಅಟಕಾಮಾ ಮರುಭೂಮಿ, ಪೂರ್ವಕ್ಕೆ ಆಂಡೀಸ್ ಪರ್ವತ, ಪಶ್ಚಿಮಕ್ಕೆ ಪೆಸಿಫಿಕ್ ಸಾಗರ, ದಕ್ಷಿಣಕ್ಕೆ ಹಿಮ. ಆ ಹುಳು ಅಲ್ಲಿಗೆ ಇವತ್ತಿನವರೆಗೂ ಕಾಲಿಟ್ಟಿಲ್ಲ. ಕಾರ್ಮೆನೇರ್ ಕಸಿಯ ಹಂಗಿಲ್ಲದೆ ಸ್ವಂತ ಬೇರಿನ ಮೇಲೇ ಬೆಳೆಯಿತು. ಮಳೆಯಿಲ್ಲದ ದೀರ್ಘ ಬೇಸಿಗೆ ಬೇರೆ ಸಿಕ್ಕಿತು, ಹಣ್ಣು ಪೂರ್ತಿ ಬಲಿಯುವುದಕ್ಕೆ ಬೇಕಾದದ್ದೂ ಅದೇ.

ಉಳಿಯದೇ ಹೋದದ್ದು ಹೆಸರು. ಆಗ ಒಂದೇ ತೋಟದಲ್ಲಿ ಹಲವು ತಳಿ ಬೆರೆಸಿ ನೆಡುತ್ತಿದ್ದರು. ಎಲೆ, ಗೊಂಚಲು ಮೆರ್ಲೋವನ್ನು ಹೋಲುತ್ತಿದ್ದುದರಿಂದ ಜನ ಎಲ್ಲವನ್ನೂ ಮೆರ್ಲೋ ಎಂದೇ ಕರೆದರು.

ಇಲ್ಲಿ ನನ್ನದೊಂದು ತಪ್ಪೊಪ್ಪಿಗೆ. ನಾನು ಬ್ಯಾಂಕಿಗೆ ಸೇರಿದ ಹೊಸದರಲ್ಲಿ ಇನ್ನೂ ಕೈಬರಹದ ಲೆಡ್ಜರ್ ಇತ್ತು. ಒಂದೇ ಮನೆಯ ಅಣ್ಣ ತಮ್ಮಂದಿರ ಖಾತೆ, ಇಬ್ಬರ ಇನಿಷಿಯಲ್ಲೂ ಒಂದೇ. ತಮ್ಮ ಕಟ್ಟಿದ ಹಣವನ್ನು ನಾನು ಅಣ್ಣನ ಖಾತೆಗೆ ಬರೆದೆ. ಬಿ.ಕಾಂ. ಓದಿದವರಿಗೆ ಗೊತ್ತು, ಇಂಥ ತಪ್ಪಿನಿಂದ ಟ್ರಯಲ್ ಬ್ಯಾಲೆನ್ಸ್ ಕೆಡುವುದಿಲ್ಲ. ಎಲ್ಲ ಟ್ಯಾಲಿ! ಎರಡು ತಿಂಗಳು ಯಾರೂ ಕೇಳಲಿಲ್ಲ. ಕೊನೆಗೆ ಬೀಜದ ಅಂಗಡಿಗೆ ತಮ್ಮ ಕೊಟ್ಟ ಚೆಕ್ಕು ವಾಪಸಾಯಿತು. ಬಿತ್ತನೆ ಹೊತ್ತಿನಲ್ಲಿ ಊರ ಮುಂದೆ ಅವನ ಮರ್ಯಾದೆ ಹೋಯಿತು. ಕೌಂಟರಿಗೆ ಬಂದು ಆತ ಬೈಯಲಿಲ್ಲ, ಪಾಸ್‌ಬುಕ್ ಮುಂದಿಟ್ಟು ಸುಮ್ಮನೆ ನಿಂತ. ಆ ಮುಖ ಇನ್ನೂ ಮರೆತಿಲ್ಲ.

ಚಿಲಿಯ ಲೆಡ್ಜರಿನಲ್ಲಿಯೂ ಆದದ್ದು ಇದೇ. ವೈನು ಖರ್ಚಾಗುತ್ತಿತ್ತು, ಟ್ಯಾಲಿ ಆಗುತ್ತಿತ್ತು, ಹಾಗಾಗಿ ಯಾರೂ ಹುಡುಕಲಿಲ್ಲ. ನಷ್ಟ ಮಾತ್ರ ಆಗುತ್ತಲೇ ಇತ್ತು. ಮೆರ್ಲೋ ಹಣ್ಣಾದ ಮೇಲೂ ಕಾರ್ಮೆನೇರ್‌ಗೆ ಇನ್ನೂ ಮೂರು ನಾಲ್ಕು ವಾರ ಬೇಕು. ಎರಡನ್ನೂ ಒಟ್ಟಿಗೆ ಕೊಯ್ದರೆ ಒಂದು ಎಳಸು, ಕಾದು ಕೊಯ್ದರೆ ಇನ್ನೊಂದು ಕಳಿತದ್ದು. ಚಿಲಿಯ ಮೆರ್ಲೋದಲ್ಲಿ ಅದೇಕೆ ಆ ಮೆಣಸಿನಕಾಯಿ ವಾಸನೆ ಎಂದರೆ, ಅಲ್ಲಿನ ಮಣ್ಣಿನ ಗುಣ ಎಂದು ಹೇಳಿ ಮುಗಿಸುತ್ತಿದ್ದರು.

1994ರ ನವೆಂಬರ್ 24. ಮೈಪೋ ಕಣಿವೆಯಲ್ಲಿ ವಿನ್ಯಾ ಕಾರ್ಮೆನ್ ಕಂಪನಿಯ ತೋಟ. (ಹೆಸರಿನ ಹೋಲಿಕೆ ಬರೀ ಕಾಕತಾಳೀಯ.) ಸಮ್ಮೇಳನಕ್ಕೆಂದು ಬಂದಿದ್ದ ಮೋಂಪೆಲಿಯೆಯ ಫ್ರೆಂಚ್ ಸಸ್ಯತಜ್ಞ ಜಾನ್ ಮಿಷೆಲ್ ಬೂರ್ಸಿಕೋ 'ಮೆರ್ಲೋ' ಸಾಲಿನ ನಡುವೆ ನಿಂತ. ದಕ್ಷಿಣ ಗೋಳಾರ್ಧದಲ್ಲಿ ಅದು ಬಳ್ಳಿ ಹೂಬಿಡುವ ಕಾಲ. ಹೂವಿನ ಕೇಸರಗಳು ನೆಟ್ಟಗಿರದೆ ತಿರುಚಿಕೊಂಡಿದ್ದವು. ಇದು ಮೆರ್ಲೋ ಅಲ್ಲ, ಬೋರ್ಡೋದ ಹಳೆಯ ಕಾರ್ಮೆನೇರ್ ಎಂದುಬಿಟ್ಟ! ಫ್ರಾನ್ಸು ಕಳೆದುಕೊಂಡದ್ದು ಚಿಲಿಯಲ್ಲಿ ಎಕರೆಗಟ್ಟಲೆ ನಿಂತಿತ್ತು.

ಈಗ ನನಗೆ ಇಷ್ಟವಾದ ಭಾಗ. ಆಗ ಅಮೆರಿಕದಲ್ಲಿ ಮೆರ್ಲೋಗೆ ಭಾರಿ ಬೇಡಿಕೆ. ಆ ಹೆಸರಿಗೆ ಬೆಲೆ ಇತ್ತು, ಕಾರ್ಮೆನೇರ್ ಎಂದರೆ ಯಾರೆಂದೂ ಗ್ರಾಹಕನಿಗೆ ಗೊತ್ತಿಲ್ಲ. ಸುಮ್ಮನಿದ್ದರೆ ವ್ಯಾಪಾರ ನಡೆಯುತ್ತಿತ್ತು. ಮಾರ್ಚ್ ಕೊನೆಯಲ್ಲಿ ತಪ್ಪು ಕಂಡರೂ 'ಮುಂದಿನ ವರ್ಷ ನೋಡೋಣ' ಎನ್ನುವ ಮ್ಯಾನೇಜರರು ಎಲ್ಲ ದೇಶದಲ್ಲೂ ಇರುತ್ತಾರೆ. ಆದರೂ ಎಂಟ್ರಿ ರಿವರ್ಸ್ ಆಯಿತು. ಆ ಹೆಸರಿಗೆ ಇನ್ನೂ ಸರ್ಕಾರಿ ಮಾನ್ಯತೆ ಇಲ್ಲದ್ದರಿಂದ ಕಾರ್ಮೆನ್ ಕಂಪನಿ ಮೊದಲು ಅದರ ಹಳೆಯ ಹೆಸರಾದ 'ಗ್ರಾಂದ್ ವಿದ್ಯೂರ್' ಎಂದು ಚೀಟಿ ಅಂಟಿಸಿ ಮಾರಿತು. 1998ರಲ್ಲಿ ಚಿಲಿ ಸರ್ಕಾರವೇ ಕಾರ್ಮೆನೇರನ್ನು ಪ್ರತ್ಯೇಕ ತಳಿ ಎಂದು ಒಪ್ಪಿತು. ತೋಟದವರು ಸಾಲು ಸಾಲಾಗಿ ಗುರುತು ಹಾಕಿಕೊಂಡು ಬಂದರು. ಮೆರ್ಲೋದ ಎಳೆ ಎಲೆಯ ಅಡಿ ಬಿಳಿ, ಇದರದು ಕೆಂಪು ಛಾಯೆ. ಬೇರೆಯಾಗಿ, ತಡವಾಗಿ ಕೊಯ್ಯತೊಡಗಿದ ಮೇಲೆಯೇ ನಿಜವಾದ ರುಚಿ ಹೊರಬಂತು. ಪೆಯೂಮೋ ಎಂಬ ಊರಿನದಕ್ಕೆ ಈಗ ಒಳ್ಳೆಯ ಹೆಸರಿದೆ. (ಇಟಲಿಯಲ್ಲಿ ಕೆಬರ್ನೆ ಫ್ರಾಂ ಎಂದೂ, ಚೀನಾದಲ್ಲಿ ಕೆಬರ್ನೆ ಗೆರ್ನಿಷ್ಟ್ ಎಂದೂ ಬೆಳೆಯುತ್ತಿದ್ದದ್ದು ಇದೇ ಎಂದು ಆಮೇಲೆ ತಿಳಿಯಿತು. ಎಲ್ಲಿ ಹೋದರೂ ಅದೇ ಪಾಡು!)

ರುಚಿ? ಮೊದಲು ಪ್ಲಮ್, ನೇರಳೆಯಂಥ ಕಪ್ಪು ಹಣ್ಣು, ಹಿಂದೆಯೇ ಕರಿಮೆಣಸು, ಕೊನೆಗೆ ಸ್ವಲ್ಪ ಕೋಕೋ. ಒಗರು ಕಡಿಮೆ, ಅದಕ್ಕೇ ನನ್ನಂಥವರ ಗಂಟಲಿಗೂ ಇಳಿಯುತ್ತದೆ. ಪುಣೆಯ ಮೇ ತಿಂಗಳಲ್ಲಿ ಹೊರಗಿಟ್ಟು ಕುಡಿಯಬೇಡಿ, ಸ್ವಲ್ಪ ಹೊತ್ತು ಫ್ರಿಜ್ಜಿನಲ್ಲಿಡಿ. 16ರಿಂದ 18 ಡಿಗ್ರಿ ಸರಿ. ಚಿಲಿಯವರು ಇದನ್ನು ಜೀರಿಗೆ, ಈರುಳ್ಳಿ ಹಾಕಿದ ಮಾಂಸದ ಎಂಪನಾಡ ಜೊತೆ, ಮುಸುಕಿನ ಜೋಳ ರುಬ್ಬಿ ಮಾಂಸದ ಮೇಲೆ ಹರಡಿ ಬೇಯಿಸುವ ಪಾಸ್ತೆಲ್ ದೆ ಚೋಕ್ಲೋ ಜೊತೆ ಕುಡಿಯುತ್ತಾರೆ. ಅಲ್ಲಿನ ಮಾಪುಚೆ ಜನರ ಮೆರ್ಕೆನ್ ಎಂಬ, ಹೊಗೆಯಲ್ಲಿ ಒಣಗಿಸಿದ ಮೆಣಸಿನಕಾಯಿಗೆ ಕೊತ್ತಂಬರಿ ಬೀಜ ಬೆರೆಸಿದ ಪುಡಿಯೂ ಇದಕ್ಕೆ ಹೊಂದುತ್ತದಂತೆ. ಖಾರ ವಿಪರೀತವಾದರೆ ಯಾವ ಕೆಂಪು ವೈನೂ ಬಾಯಿ ಉರಿಸುತ್ತದೆ, ಅದು ನೆನಪಿರಲಿ.

ನಮ್ಮ ಮನೆಯಲ್ಲಿ ಮಾಂಸವಿಲ್ಲ. ಅವತ್ತು ಇದ್ದದ್ದು ರೊಟ್ಟಿ, ಶೇಂಗಾ ಮತ್ತು ಎಳ್ಳು ಹುರಿದು ಹಾಕಿದ ಬದನೇಕಾಯಿ ಎಣ್ಣೆಗಾಯಿ. ಎರಡನೇ ಗುಟುಕಿಗೆ ಆ ಹಸಿರು ವಾಸನೆ ಎಣ್ಣೆಗಾಯಿಯ ಮಸಾಲೆಯೊಳಗೆ ಕರಗಿಹೋಯಿತು. ನಾನು ಮತ್ತೆ ಗ್ಲಾಸಿನತ್ತ ಕೈ ಚಾಚಿದ್ದನ್ನು ನೋಡಿ ನಮ್ಮಾಕೆ ಬಾಟಲಿಗೆ ಬಿರಡೆ ಹಾಕಿದಳು.