ಮೂಡಣದ ಇಂಗ್ಲಿಷ್ ಹೆಸರು

ಈಸ್ಟ್

ಬೆಂಗಳೂರಿನಲ್ಲಿ ಸೈಟು ಹುಡುಕುವವರ ಕಿವಿಗೆ ಮತ್ತೆಮತ್ತೆ ಬೀಳುವ ಮಾತು 'ಈಸ್ಟ್ ಫೇಸಿಂಗ್'. ಈ ಇಂಗ್ಲಿಷ್ ಪದ ನಮಗೆ ಅಷ್ಟೇನೂ ದೂರದ್ದಲ್ಲ. ಹೊಳೆಯುವುದು, ಬೆಳಗಾಗುವುದು ಎಂಬರ್ಥದ ಇಂಡೋ-ಯುರೋಪಿಯನ್ ಧಾತು ಇದರ ಬೇರು. ಬೆಳಗಿನ ದೇವತೆಗಳಾದ ಗ್ರೀಕರ ಈಯೋಸ್, ರೋಮನ್ನರ ಅರೋರಾ, ಸಂಸ್ಕೃತದ ಉಷಸ್ ಎಲ್ಲವೂ ಅದೇ ಬಳ್ಳಿಯ ಕಾಯಿಗಳು. ನಮ್ಮ ಹೆಣ್ಣುಮಕ್ಕಳ ಹೆಸರಾದ ಉಷಾ ಈಸ್ಟ್‌ಗೆ ನೆಂಟಳೇ!

ಕನ್ನಡದ 'ಮೂಡಣ' ದ್ರಾವಿಡ ಮೂಲದ್ದು, ಬೇರೆಯೇ ಬಳ್ಳಿ. ಆದರೂ ಅದು ಹುಟ್ಟಿದ್ದು ಸೂರ್ಯ ಮೂಡುವುದನ್ನು ಕಂಡೇ. ಮೇಲೇಳುವುದು ಎಂಬರ್ಥದ ಲ್ಯಾಟಿನ್ ಕ್ರಿಯಾಪದದಿಂದ ಬಂದ 'ಓರಿಯಂಟ್' ಕೂಡ ಹಾಗೆಯೇ. ನಂಟಿಲ್ಲದ ನುಡಿಗಳು ಒಂದೇ ಬೆಳಗನ್ನು ನೋಡಿ ದಿಕ್ಕಿಗೆ ಹೆಸರಿಟ್ಟದ್ದು ನನಗೆ ಬಲು ಇಷ್ಟದ ಸಂಗತಿ.

ಈಸ್ಟ್‌ನ ಬಳ್ಳಿ ನಾಡಿನ ಹೆಸರಿಗೂ ಹಬ್ಬಿದೆ. ಆಸ್ಟ್ರಿಯಾವನ್ನು ಅಲ್ಲಿಯವರು ಕರೆಯುವುದು ಓಸ್ಟರ್‌ರೈಶ್ ಎಂದು, ಅಂದರೆ ಮೂಡಣ ಸೀಮೆ. ಈ ಹೆಸರಿನ ಹಳೆಯ ರೂಪ 996ರ ದಾಖಲೆಯಲ್ಲೇ ಇದೆ.

'ಮಿಡಲ್ ಈಸ್ಟ್' ಮಾತ್ರ ಯುರೋಪಿನಲ್ಲಿ ನಿಂತು ನೋಡಿದವರ ಮೂಡಣ. ಅರಬ್ ನಾಡುಗಳು ನಮಗೆ ಪಡುವಣಕ್ಕಿವೆ. 'ಮಧ್ಯಪ್ರಾಚ್ಯ' ಎಂದು ಅನುವಾದಿಸಿಕೊಂಡರೂ ಆ ತೊಡಕು ಹೋಗದು. 'ಪಶ್ಚಿಮ ಏಷ್ಯಾ' ಎಂದು ಬರೆಯುವ ಪತ್ರಿಕೆಗಳದೇ ಸರಿಯಾದ ದಾರಿ.