ಯಾರಿಗೂ ಬೇಡದ ಅರಸನ ಪಾತ್ರ

ಶಾಲೆಯ ವಾರ್ಷಿಕೋತ್ಸವಕ್ಕೆ ಒಂದು ಸಲ ಕೊಡಗಿನ ಕೊನೆಯ ಅರಸ ಚಿಕ್ಕವೀರರಾಜೇಂದ್ರನ ಮೇಲೆ ಅರ್ಧ ಗಂಟೆಯ ನಾಟಕ ಮಾಡಿಸೋಣವೆಂದು ಹೊರಟೆ. ನಮ್ಮದು ಹೆಣ್ಣುಮಕ್ಕಳ ಶಾಲೆ. ಅರಸನ ಸೋದರಿ ದೇವಮ್ಮಾಜಿಯ ಪಾತ್ರಕ್ಕೆ ಎಂಟು ಹುಡುಗಿಯರು ಕೈ ಎತ್ತಿದರು. ಕಂಪೆನಿಯ ಕರ್ನಲ್ ಫ್ರೇಸರನ ಟೋಪಿಗಂತೂ ಜಗಳವೇ ಆಯಿತು. ಅರಸನಾಗಲು ಮಾತ್ರ ಒಬ್ಬಳೂ ಬರಲಿಲ್ಲ. “ಅವನು ಕೆಟ್ಟವನಲ್ವಾ ಟೀಚರ್” ಎಂದರು. ಕೊನೆಗೆ ಎತ್ತರ ಇದ್ದಾಳೆಂಬ ಒಂದೇ ಕಾರಣಕ್ಕೆ ಒಬ್ಬಳನ್ನು ಒಪ್ಪಿಸಿದೆ. ಅವಳು ಎರಡು ದಿನ ಕೂತು ಬಾಯಿಪಾಠ ಮಾಡಿ, ಮೂರನೆಯ ದಿನ ನನ್ನ ಬಳಿ ಬಂದು, “ಎಲ್ಲರೂ ನನ್ನ ಮೇಲೆ ದೂರು ಹೇಳ್ತಾರೆ ಟೀಚರ್, ನಂದು ಅಂತ ಒಂದು ಮಾತೂ ಇಲ್ಲ. ಏನಾದ್ರೂ ಬರೆದುಕೊಡಿ” ಎಂದಳು.

ಬರೆಯಲು ಕೂತರೆ ಪೆನ್ನು ಮುಂದೆ ಹೋಗಲಿಲ್ಲ. ಅವನು ಒಳ್ಳೆಯವನೆಂದು ಹೇಳುವ ಹಾಗಿಲ್ಲ. ದೊಡ್ಡ ವೀರರಾಜೇಂದ್ರ 1809ರಲ್ಲಿ ಗಂಡು ಸಂತಾನವಿಲ್ಲದೆ ತೀರಿಕೊಂಡಾಗ ಪಟ್ಟ ಮಗಳು ದೇವಮ್ಮಾಜಿಗೆ ಬಂದಿತ್ತು. (ಈ ಮನೆತನದಲ್ಲಿ ದೇವಮ್ಮಾಜಿಯರು ಇಬ್ಬರು, ಪಾಠ ಹೇಳುವಾಗ ನಾನೇ ಎಷ್ಟೋ ಸಲ ತಡವರಿಸಿದ್ದೇನೆ.) ಎಳೆಯ ಹುಡುಗಿ. ಚಿಕ್ಕಪ್ಪ ಲಿಂಗರಾಜ ಅವಳನ್ನು ಬದಿಗೆ ಸರಿಸಿ 1811ರಲ್ಲಿ ತಾನೇ ಅರಸನಾದ. ಅವನ ಮಗ ನಮ್ಮ ಚಿಕ್ಕವೀರ, 1820ರಲ್ಲಿ ಪಟ್ಟಕ್ಕೆ ಬಂದವನು. ಹೀಗೆ ಬಂದ ಸಿಂಹಾಸನದ ಮೇಲೆ ಕೂತವನಿಗೆ ರಕ್ತಸಂಬಂಧಿಗಳೆಲ್ಲ ಶತ್ರುಗಳಾಗಿಯೇ ಕಂಡಿರಬೇಕು. ಬಂಧುಗಳನ್ನು ಕೊಲ್ಲಿಸಿದನೆಂಬ ಆರೋಪ ಅವನ ಮೇಲಿದೆ. 1832ರಲ್ಲಿ ಅವನ ಸ್ವಂತ ಸೋದರಿ ದೇವಮ್ಮಾಜಿ, ಗಂಡ ಚನ್ನಬಸವನ ಜೊತೆ ತಪ್ಪಿಸಿಕೊಂಡು ಮೈಸೂರಿಗೆ ಹೋಗಿ ಬ್ರಿಟಿಷ್ ರೆಸಿಡೆಂಟನ ರಕ್ಷಣೆ ಬೇಡಿದಳು. ತವರಿನ ಹೊಸ್ತಿಲಿಗೆ ಹೆದರಿ ಪರದೇಶದವನ ಬಾಗಿಲು ತಟ್ಟಬೇಕಾದರೆ ಆ ಹೆಣ್ಣು ಎಷ್ಟು ನೊಂದಿರಬೇಡ! ಅವರನ್ನು ಒಪ್ಪಿಸಿರೆಂದು ಅರಸ ಕೇಳಿದ, ಕಂಪೆನಿ ಒಪ್ಪಲಿಲ್ಲ. ಒಂದು ಮನೆಯ ಜಗಳ ಒಂದು ನಾಡಿನ ಯುದ್ಧವಾಯಿತು.

1834ರ ಏಪ್ರಿಲ್ ತಿಂಗಳ ಕೆಲವೇ ದಿನಗಳಲ್ಲಿ ಎಲ್ಲ ಮುಗಿಯಿತು. ದಿವಾನ ಬೋಪಣ್ಣ ಫ್ರೇಸರನಿಗೆ ಎದುರಾಗದೆ ಮಡಿಕೇರಿಗೆ ದಾರಿ ಬಿಟ್ಟುಕೊಟ್ಟ. ಅರಸ ಶರಣಾದ. ಮೇ ತಿಂಗಳಲ್ಲಿ ಹೊರಟ ಘೋಷಣೆಯಲ್ಲಿ ಕೊಡಗಿನ ಪ್ರಜೆಗಳೆಲ್ಲರ ಒಕ್ಕೊರಲಿನ ಇಚ್ಛೆಯಂತೆ ನಾಡನ್ನು ಕಂಪೆನಿ ತನ್ನ ವಶಕ್ಕೆ ತೆಗೆದುಕೊಳ್ಳುತ್ತಿದೆ ಎಂದಿತ್ತು.

ಈ ‘ಒಕ್ಕೊರಲು’ ಎಂಬ ಮಾತಿನ ಮೇಲೆ ನನಗೆ ಅನುಮಾನ. ಮೂರೇ ವರ್ಷದಲ್ಲಿ, 1837ರಲ್ಲಿ, ಅಮರ ಸುಳ್ಯದ ರೈತರು ಎದ್ದರು. ಕೊಡಗಿಗೆ ಸೇರಿದ್ದ ಆ ಸೀಮೆಯನ್ನು ಕಂಪೆನಿ ಕೆನರಾ ಜಿಲ್ಲೆಗೆ ಸೇರಿಸಿತ್ತು. ಅರಸರ ಕಾಲದಲ್ಲಿ ಬೆಳೆದದ್ದರಲ್ಲೇ ಕಂದಾಯ ಅಳೆದುಕೊಡುತ್ತಿದ್ದವರಿಗೆ ಈಗ ನಗದು ಕೊಡಬೇಕಾಯಿತು. ಬೆಳೆ ಮಾರಿ ರೊಕ್ಕ ಮಾಡುವ ಹೊತ್ತಿಗೆ ಲಾಭ ಯಾರ ಪಾಲಾಗುತ್ತದೆಂದು ಮನೆ ನಡೆಸುವ ನಮಗೆ ಹೇಳಿಕೊಡಬೇಕಿಲ್ಲ. ಆ ರೈತರು ಯಾರ ಹೆಸರಿನಲ್ಲಿ ಎದ್ದರು? ತಾನು ಅರಸು ಮನೆತನದವನೆಂದು ಹೇಳಿಕೊಂಡ ಕಲ್ಯಾಣಸ್ವಾಮಿಯ ಹೆಸರಿನಲ್ಲಿ! ಮಂಗಳೂರಿನವರೆಗೂ ದಂಡು ಹೋಯಿತು. ದಂಗೆ ಅಡಗಿದ ಮೇಲೆ ಗುಡ್ಡೆಮನೆ ಅಪ್ಪಯ್ಯಗೌಡರನ್ನು ಮಡಿಕೇರಿಯ ಕೋಟೆಯಲ್ಲಿ ಗಲ್ಲಿಗೇರಿಸಿದರು. ಅಡಗಿಸಲು ನೆರವಾದ ಕೊಡಗಿನವರಿಗೆ ಕಂಪೆನಿ ಪದಕ ಕೊಟ್ಟಿತೆಂಬುದೂ ಅಷ್ಟೇ ನಿಜ, ಅದನ್ನು ಮುಚ್ಚಿಡಬಾರದು. ಹಾಗಾದರೆ ಜನರಿಗೆ ಬೇಡವಾಗಿದ್ದು ಆ ಒಬ್ಬ ಅರಸನೋ, ಅರಸೊತ್ತಿಗೆಯೋ? ಕಂಪೆನಿ ಎರಡನ್ನೂ ಒಂದೇ ಮಾಡಿ ಬರೆದುಕೊಂಡಿತು.

ಅವನ ಬಗ್ಗೆ ನಾವು ಓದುವುದೆಲ್ಲ ಬಹುಪಾಲು ಗೆದ್ದವರ ಕಡೆಯ ಬರಹವೇ. ಮಂಗಳೂರು ಸಮಾಚಾರ ಹೊರಡಿಸಿದ ಮೋಗ್ಲಿಂಗ್ ಪಾದ್ರಿಗಳು 1855ರಲ್ಲಿ ಕೊಡಗಿನ ವೃತ್ತಾಂತ ಅಚ್ಚು ಹಾಕಿಸಿದರು. ಅದರಲ್ಲಿ ಅರಸನ ಕ್ರೌರ್ಯವೇ ಎದ್ದು ಕಾಣುತ್ತದೆ. ಮಾಸ್ತಿಯವರು 1956ರಲ್ಲಿ ಕಾದಂಬರಿಯನ್ನೇ ಬರೆದರು, ಅವರಿಗೆ 1983ರ ಜ್ಞಾನಪೀಠ ಬಂತು. ನಮ್ಮ ಮನೆಗಳಲ್ಲಿ ಈ ಅರಸ ಗೊತ್ತಿದ್ದರೆ ಹೆಚ್ಚಾಗಿ ಮಾಸ್ತಿಯವರಿಂದಲೇ.

ಮುಂದಿನ ಕಥೆ ನನ್ನನ್ನು ಹೆಚ್ಚು ಕಾಡುತ್ತದೆ. ಅರಸನನ್ನು ಕಾಶಿಯಲ್ಲಿ ಇಟ್ಟರು. 1852ರಲ್ಲಿ ಅವನು ಮಗಳು ಗೌರಮ್ಮನನ್ನು ಕರೆದುಕೊಂಡು ಲಂಡನ್ನಿಗೆ ಹೋದ. ದೊಡ್ಡ ವೀರರಾಜ ಕಂಪೆನಿಯಲ್ಲಿ ತೊಡಗಿಸಿದ್ದ ಹಣ ತನಗೆ ಬರಬೇಕೆಂದು ಅಲ್ಲಿಯ ನ್ಯಾಯಾಲಯದಲ್ಲಿ ದಾವೆ ಹೂಡಿದ. ಗೌರಮ್ಮನಿಗೆ ಆಗ ಹನ್ನೊಂದು ವರ್ಷ, ನಮ್ಮ ಆರನೇ ಕ್ಲಾಸಿನ ಹುಡುಗಿಯ ವಯಸ್ಸು. ಅದೇ ವರ್ಷ ಜೂನ್ 30ರಂದು ಅವಳಿಗೆ ದೀಕ್ಷಾಸ್ನಾನ ಮಾಡಿಸಿದರು. ವಿಕ್ಟೋರಿಯಾ ರಾಣಿಯೇ ಧರ್ಮಮಾತೆ, ರಾಣಿಯ ಹೆಸರೇ ಅವಳಿಗೂ. ಆಮೇಲೆ ಅವಳು ಬೆಳೆದದ್ದು ಇಂಗ್ಲಿಷರ ಮನೆಗಳಲ್ಲಿ. ಪಂಜಾಬಿನ ದುಲೀಪ್ ಸಿಂಗನಿಗೆ ತಂದುಕೊಳ್ಳುವ ಮಾತು ನಡೆದು ಮುರಿಯಿತು. ತಂದೆ 1859ರಲ್ಲಿ ಲಂಡನ್ನಿನಲ್ಲೇ ತೀರಿಕೊಂಡ. ಮರುವರ್ಷ ಅವಳು ತನಗಿಂತ ಬಹಳ ಹಿರಿಯನಾದ ಕರ್ನಲ್ ಕ್ಯಾಂಪ್‌ಬೆಲ್‌ನನ್ನು ಮದುವೆಯಾಗಿ, ಒಂದು ಹೆಣ್ಣುಮಗುವನ್ನು ಹೆತ್ತು, 1864ರಲ್ಲಿ ಹೋಗಿಬಿಟ್ಟಳು. ಇನ್ನೂ ಇಪ್ಪತ್ತೈದೂ ತುಂಬಿರಲಿಲ್ಲ. ಹಣಕ್ಕಾಗಿ ಮಗಳನ್ನು ಮುಂದೆ ಮಾಡಿದನೇ, ಮಗಳಾದರೂ ಸುಖವಾಗಿರಲೆಂದು ಒಪ್ಪಿಸಿದನೇ? ಎರಡೂ ಇದ್ದಿರಬಹುದು. ಹೆತ್ತವರ ಲೆಕ್ಕಾಚಾರಗಳನ್ನು ನಾವು ಮದುವೆ ಮಾತುಕತೆಗಳಲ್ಲಿ ಕಂಡವರೇ ಅಲ್ಲವೇ.

ಮಡಿಕೇರಿಯ ಗದ್ದುಗೆಯಲ್ಲಿ ದೊಡ್ಡ ವೀರರಾಜನಿದ್ದಾನೆ, ಲಿಂಗರಾಜನಿದ್ದಾನೆ. ಪಕ್ಕದಲ್ಲಿ ಇವನಿಗೆ ಜಾಗವಿಲ್ಲ.

ಕೊನೆಗೆ ನಾನು ಬರೆಯುವ ಮೊದಲೇ ಆ ಹುಡುಗಿ ತಾನೇ ಎರಡು ಸಾಲು ಕಟ್ಟಿಕೊಂಡು ಬಂದಳು. ನಾಟಕದ ದಿನ ರಾಣಿಯ ವೇಷದವಳ ಮುಂದೆ ನಿಂತು, “ನಮ್ಮ ಹಣ ಕೊಡಿ” ಎಂದಳು. ಜನ ನಕ್ಕರು. ಅವಳು ಸ್ವಲ್ಪ ತಡೆದು, “ನನ್ನ ಮಗಳು ಎಲ್ಲಿ?” ಎಂದಳು. ಮುಂದಿನ ಸಾಲಿನಲ್ಲಿ ಕೂತಿದ್ದ ತಾಯಂದಿರಲ್ಲಿ ಯಾರೂ ನಗಲಿಲ್ಲ.